ಸಂಕಲ್ಪಕ್ಕೂ ಸಿದ್ಧಿಗೂ ನಡುವೆ: ಒಳಗಿನ ನಂಬಿಕೆ ಮತ್ತು ಹೊರಗಿನ ವಾಸ್ತವ

1. ವಿಷಯ ಪ್ರವೇಶ

ಮನುಷ್ಯನ ಒಳಗಿನ ನಂಬಿಕೆಯೇ ಅವನ ಹೊರಗಿನ ಬದುಕನ್ನು ರೂಪಿಸುತ್ತದೆ ಎಂಬ ವಿಚಾರ ಇಂದಿನ ಕನ್ನಡ ಓದುಗರನ್ನು ಎರಡು ದಾರಿಗಳಿಂದ ತಲುಪುತ್ತಿದೆ. ಒಂದು, ‘ಯದ್ಭಾವಂ ತದ್ಭವತಿ’ ಎಂದು ಪ್ರವಚನಗಳಲ್ಲಿ, ಹಿರಿಯರ ಬುದ್ಧಿಮಾತುಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ನಾಣ್ಣುಡಿಯ ದಾರಿ. ಇನ್ನೊಂದು, ‘ಮ್ಯಾನಿಫೆಸ್ಟೇಷನ್’, ‘ಆಕರ್ಷಣೆಯ ನಿಯಮ’ ಎಂಬ ಹೆಸರುಗಳಲ್ಲಿ ಅನುವಾದಿತ ಪುಸ್ತಕ, ವ್ಯಕ್ತಿತ್ವ ವಿಕಸನ ಶಿಬಿರ, ಮೊಬೈಲ್ ವಿಡಿಯೊಗಳ ಮೂಲಕ ಹರಡುತ್ತಿರುವ ಅಮೆರಿಕನ್ ಬೋಧನೆಯ ದಾರಿ. ಎರಡೂ ಒಂದನ್ನೇ ಹೇಳುತ್ತವೆ, ಮೊದಲನೆಯದರ ಸತ್ಯವನ್ನೇ ಎರಡನೆಯದು ಹೊಸ ಭಾಷೆಯಲ್ಲಿ ಮರಳಿ ಕಂಡುಕೊಂಡಿದೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದ್ದು, ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶಗಳಲ್ಲಿ ಒಂದು.

ಅನುಕೂಲಕ್ಕಾಗಿ ಈ ಬೋಧನೆಯನ್ನು ಇಲ್ಲಿ ‘ಸಂಕಲ್ಪಸಿದ್ಧಿವಾದ’ ಎಂದು ಕರೆಯಲಾಗಿದೆ. ಅದರ ಪ್ರತಿಪಾದಕರು ಬೇರೆ ಬೇರೆ ಮಾತುಗಳಲ್ಲಿ ಹೇಳಿದರೂ ಅದರ ತಿರುಳು ಮೂರು ಹೇಳಿಕೆಗಳಲ್ಲಿ ಅಡಗಿದೆ. ಮನಸ್ಸಿನ ಸ್ಥಿತಿಯೇ ಕಾರಣ, ಹೊರಗಿನ ಪರಿಸ್ಥಿತಿ ಅದರ ಕಾರ್ಯ ಎಂಬುದು ಮೊದಲನೆಯದು. ಬಯಸಿದ್ದು ಮುಂದೆಂದೋ ಸಿಗಲಿ ಎಂದು ಹಾರೈಸುವ ಬದಲು ಈಗಾಗಲೇ ಸಿಕ್ಕಿದೆ ಎಂಬ ಭಾವದಲ್ಲಿ ನೆಲೆಸಿದರೆ ಅದು ಸಿಕ್ಕೇ ಸಿಗುತ್ತದೆ ಎಂಬುದು ಎರಡನೆಯದು. ಸಿಗದೆ ಹೋದರೆ ಕೊರತೆ ಇದ್ದದ್ದು ನಂಬಿಕೆಯಲ್ಲೇ ಎಂಬುದು ಮೂರನೆಯದು. ಈ ಮೂರನೆಯ ಹೇಳಿಕೆಯನ್ನು ಬಹಿರಂಗವಾಗಿ ಒತ್ತಿ ಹೇಳುವವರು ಕಡಿಮೆಯಾದರೂ ಇಡೀ ವಾದ ನಿಂತಿರುವುದು ಅದರ ಮೇಲೆಯೇ; ಏಕೆಂದರೆ ಗೆದ್ದವನ ಗೆಲುವು ನಿಯಮಕ್ಕೆ ಸಾಕ್ಷಿಯಾಗಿ, ಸೋತವನ ಸೋಲು ಅವನ ಅರೆನಂಬಿಕೆಗೆ ಸಾಕ್ಷಿಯಾಗಿ ಲೆಕ್ಕಕ್ಕೆ ಬರುವಾಗ, ನಿಯಮವನ್ನು ಸುಳ್ಳೆಂದು ತೋರಿಸಬಲ್ಲ ಘಟನೆಯೇ ಲೋಕದಲ್ಲಿ ಉಳಿಯುವುದಿಲ್ಲ.

ಒಳಗಿನ ನಂಬಿಕೆ ಹೊರಗಿನ ಲೋಕದಲ್ಲಿ ಕೆಲಸ ಮಾಡುತ್ತದೆ. ಆದರೆ ಅದು ದೇಹ, ಕ್ರಿಯೆ ಮತ್ತು ಇತರ ಮನುಷ್ಯರು ಎಂಬ ಗುರುತಿಸಬಹುದಾದ ಮೂರು ಮಾಧ್ಯಮಗಳ ಮೂಲಕ ಕೆಲಸ ಮಾಡುತ್ತದೆ, ಆ ಮಾಧ್ಯಮಗಳು ಮುಟ್ಟದ ಕಡೆ ಅದು ಬರಿಯ ಬಯಕೆಯಾಗಿ ಉಳಿಯುತ್ತದೆ ಎಂಬುದು ಇಲ್ಲಿ ಮಂಡಿಸಲಾಗುವ ನಿಲುವು. ಭಾರತೀಯ ದರ್ಶನಗಳು ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಇರಿಸಿದ್ದ ಕರ್ಮವೆಂಬ ಕೊಂಡಿಯನ್ನು ಆಧುನಿಕ ಬೋಧನೆ ಹಂತಹಂತವಾಗಿ ಕಳಚಿಹಾಕಿದ ಬಗೆಯನ್ನು ಅದರ ಚರಿತ್ರೆಯೇ ತೋರಿಸಿಕೊಡುತ್ತದೆ.

2. ಬೋಧನೆಯ ಹುಟ್ಟು ಮತ್ತು ಬೆಳವಣಿಗೆ

ಸಂಕಲ್ಪಸಿದ್ಧಿವಾದದ ಮೂಲಪುರುಷನೆಂದು ಸಾಮಾನ್ಯವಾಗಿ ಗುರುತಿಸಲಾಗುವ ಫಿನಿಯಸ್ ಕ್ವಿಂಬಿ (1802–1866) ಅಮೆರಿಕದ ಮೇನ್ ರಾಜ್ಯದ ಬೆಲ್‌ಫಾಸ್ಟ್ ಎಂಬ ಊರಿನಲ್ಲಿ ಗಡಿಯಾರ ತಯಾರಿಸುತ್ತಿದ್ದವರು. 1830ರ ದಶಕದ ಕೊನೆಯಲ್ಲಿ ಅವರಿಗೆ ಮೆಸ್ಮರಿಸಂ, ಅಂದರೆ ಒಬ್ಬರ ಇಚ್ಛಾಶಕ್ತಿಯಿಂದ ಇನ್ನೊಬ್ಬರನ್ನು ಸುಪ್ತಾವಸ್ಥೆಗೆ ಒಯ್ಯುವ ವಿದ್ಯೆಯ ಪರಿಚಯವಾಯಿತು. ಲೂಷಿಯಸ್ ಬರ್ಕ್‌ಮರ್ ಎಂಬ ತರುಣನನ್ನು ಅವರು ಆ ಸ್ಥಿತಿಗೆ ಒಯ್ದರೆ ಅವನು ಎದುರಿಗಿರುವ ರೋಗಿಯ ಕಾಯಿಲೆ ಏನೆಂದು ಹೇಳಿ ಮದ್ದನ್ನೂ ಸೂಚಿಸುತ್ತಿದ್ದನು. ಅವನು ಸೂಚಿಸಿದ ದುಬಾರಿ ಮದ್ದಿನ ಜಾಗದಲ್ಲಿ ಅಗ್ಗದ ಮದ್ದನ್ನು ಕೊಟ್ಟಾಗಲೂ ರೋಗಿ ಅಷ್ಟೇ ಚೆನ್ನಾಗಿ ಚೇತರಿಸಿಕೊಂಡದ್ದನ್ನು ಕಂಡ ಕ್ವಿಂಬಿ, ಗುಣ ಇರುವುದು ಮದ್ದಿನಲ್ಲಲ್ಲ, ರೋಗಿಯ ನಂಬಿಕೆಯಲ್ಲಿ ಎಂಬ ತೀರ್ಮಾನಕ್ಕೆ ಬಂದರು. ಇಲ್ಲಿಯವರೆಗಿನ ಗಮನಿಕೆಯಲ್ಲಿ ತಪ್ಪಿಲ್ಲ. ಒಂದು ಮದ್ದಿನ ಜಾಗದಲ್ಲಿ ಇನ್ನೊಂದನ್ನಿಟ್ಟು ಪರಿಣಾಮವನ್ನು ಹೋಲಿಸುವ ಕ್ರಮ ಮುಂದೆ ವೈದ್ಯವಿಜ್ಞಾನದ ಮುಖ್ಯ ವಿಧಾನವೇ ಆಯಿತು. ಆದರೆ ಕ್ವಿಂಬಿ ಅಲ್ಲಿಗೆ ನಿಲ್ಲದೆ, ಕಾಯಿಲೆಯೆಂಬುದೇ ತಪ್ಪು ನಂಬಿಕೆಯ ಫಲ, ಆ ನಂಬಿಕೆಯನ್ನು ತಿದ್ದುವುದೇ ಚಿಕಿತ್ಸೆ ಎಂದು ಸಾಧಾರಣೀಕರಿಸಿದರು. 1862ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಅವರಿಂದ ಚಿಕಿತ್ಸೆ ಪಡೆದ ಮಹಿಳೆಯೊಬ್ಬರು ಮುಂದೆ ಮೇರಿ ಬೇಕರ್ ಎಡ್ಡಿ ಎಂಬ ಹೆಸರಿನಿಂದ ಪ್ರಸಿದ್ಧರಾಗಿ, 1875ರಲ್ಲಿ ತಮ್ಮ ಮುಖ್ಯ ಗ್ರಂಥವನ್ನು ಪ್ರಕಟಿಸಿ, ‘ಕ್ರಿಶ್ಚಿಯನ್ ಸೈನ್ಸ್’ ಪಂಥವನ್ನು ಸ್ಥಾಪಿಸಿದರು. ಕ್ವಿಂಬಿಯ ಇತರ ಅನುಯಾಯಿಗಳಿಂದ ಬೆಳೆದ ಶಾಖೆಗಳಿಗೆ ಒಟ್ಟಾಗಿ ‘ನ್ಯೂ ಥಾಟ್’, ಅಂದರೆ ನವಚಿಂತನೆ, ಎಂಬ ಹೆಸರು ಬಂದಿತು.

ರೋಗದ ನಿವಾರಣೆಯಿಂದ ಹೊರಟ ಈ ವಿಚಾರ ಅರ್ಧ ಶತಮಾನದೊಳಗೆ ಬಡತನದ ನಿವಾರಣೆಗೆ ತಿರುಗಿತು. ಕೈಗಾರಿಕೆಗಳು ಬೆಳೆದು ಸಂಪತ್ತು ಕೆಲವರ ಕೈಗೆ ಸೇರುತ್ತಿದ್ದ, ಆರ್ಥಿಕ ಕುಸಿತಗಳು ಮತ್ತೆ ಮತ್ತೆ ಮರುಕಳಿಸುತ್ತಿದ್ದ ಅಮೆರಿಕದಲ್ಲಿ, ದೇಹದ ನೋವು ನಂಬಿಕೆಯಿಂದ ಕಡಿಮೆಯಾಗುವುದಾದರೆ ಕಿಸೆಯ ನೋವು ಏಕೆ ಆಗಬಾರದು ಎಂಬ ಪ್ರಶ್ನೆಗೆ ಕೇಳುಗರು ಬೇಕಾದಷ್ಟಿದ್ದರು. ವಿಲಿಯಂ ವಾಕರ್ ಅಟ್ಕಿನ್ಸನ್ 1906ರಲ್ಲಿ ‘ಆಕರ್ಷಣೆಯ ನಿಯಮ’ವನ್ನು ವಿವರಿಸುವ ಪುಸ್ತಕವನ್ನು ಹೊರತಂದರೆ, ವಾಲೆಸ್ ವಾಟಲ್ಸ್ 1910ರಲ್ಲಿ ಸಿರಿವಂತನಾಗುವ ವಿಜ್ಞಾನವೆಂಬ ಹೆಸರಿನ ಪುಸ್ತಕ ಬರೆದರು. ವಾಟಲ್ಸ್ ಒಂದು ನಿರಾಕಾರವಾದ ಚಿಂತನದ್ರವ್ಯ ಜಗತ್ತನ್ನೆಲ್ಲ ತುಂಬಿದೆ, ಅದರ ಮೇಲೆ ಅಚ್ಚೊತ್ತಿದ ಆಲೋಚನೆ ವಸ್ತುವಾಗಿ ರೂಪುಗೊಳ್ಳುತ್ತದೆ ಎಂದು ಹೇಳಿದರೂ, ಬಂದದ್ದನ್ನು ಸ್ವೀಕರಿಸಲು ಮನುಷ್ಯ ಇಂದಿನ ಕೆಲಸವನ್ನು ಇಂದೇ ದಕ್ಷತೆಯಿಂದ ಮಾಡಲೇಬೇಕು ಎಂದು ಪಟ್ಟುಹಿಡಿದಿದ್ದರು. ನೆಪೋಲಿಯನ್ ಹಿಲ್ 1937ರಲ್ಲಿ, ಮಹಾ ಆರ್ಥಿಕ ಕುಸಿತದ ನೆರಳಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಯೋಜನೆ, ಛಲ, ಪರಿಣತರ ಕೂಟಗಳಿಗೆ ಸ್ಥಾನವಿದೆ. 2006ರಲ್ಲಿ ರೋಂಡಾ ಬರ್ನ್ ‘ದ ಸೀಕ್ರೆಟ್’ ಚಲನಚಿತ್ರವನ್ನೂ ಅದೇ ಹೆಸರಿನ ಪುಸ್ತಕವನ್ನೂ ಹೊರತಂದರು. ತಮಗೆ ಪ್ರೇರಣೆ ನೀಡಿದ್ದು ವಾಟಲ್ಸ್ ಅವರ ಪುಸ್ತಕವೆಂದು ಅವರೇ ಹೇಳಿಕೊಂಡಿದ್ದಾರೆ. ಆ ಹೊತ್ತಿಗೆ ಕೆಲಸದ ಪಾಲು ಹಿಂದೆ ಸರಿದು, ಕೇಳು, ನಂಬು, ಪಡೆ ಎಂಬ ಮೂರು ಮೆಟ್ಟಿಲುಗಳು ಮಾತ್ರ ಮುನ್ನೆಲೆಯಲ್ಲಿ ಉಳಿದಿದ್ದವು.

ಈ ಪರಂಪರೆಯ ಅತ್ಯಂತ ತಾರ್ಕಿಕ ರೂಪವನ್ನು ಕಾಣಬೇಕಾದರೆ ನೆವಿಲ್ ಗೊಡಾರ್ಡ್ (1905–1972) ಅವರ ಬೋಧನೆಯನ್ನು ನೋಡಬೇಕು. ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ, ಹದಿಹರೆಯದಲ್ಲಿ ರಂಗಭೂಮಿಯ ಆಸೆಯಿಂದ ನ್ಯೂಯಾರ್ಕಿಗೆ ಬಂದ ನೆವಿಲ್, ಮುಂದೆ ಉಪನ್ಯಾಸಕರಾಗಿ ಹೆಸರಾದರು. ದೇವರೆಂದರೆ ಮನುಷ್ಯನ ಕಲ್ಪನಾಶಕ್ತಿಯೇ, ಅದನ್ನು ಬಿಟ್ಟು ಬೇರೊಂದು ಕಾರಣ ಜಗತ್ತಿಗೆ ಇಲ್ಲ ಎಂಬುದು ಅವರ ಸಿದ್ಧಾಂತ. ವಿಧಾನವೂ ಸರಳವಾದದ್ದು: ನಿದ್ದೆ ಹತ್ತುವ ಹೊತ್ತಿನ ಮಂಪರಿನಲ್ಲಿ, ಬಯಕೆ ಈಡೇರಿದ ಮೇಲಷ್ಟೇ ನಡೆಯಬಹುದಾದ ಒಂದು ಚಿಕ್ಕ ದೃಶ್ಯವನ್ನು, ಗೆಳೆಯನೊಬ್ಬ ಕೈಕುಲುಕಿ ಅಭಿನಂದಿಸುತ್ತಿರುವುದು ಎಂದಿಟ್ಟುಕೊಳ್ಳೋಣ, ಅವನ ಅಂಗೈಯ ಬಿಸಿಯೂ ತಟ್ಟುವಂತೆ ಮತ್ತೆ ಮತ್ತೆ ಅನುಭವಿಸುತ್ತ ನಿದ್ದೆಗೆ ಜಾರಬೇಕು.

ತಮ್ಮ ಸಿದ್ಧಾಂತಕ್ಕೆ ಸಾಕ್ಷಿಯಾಗಿ ನೆವಿಲ್ ಉಪನ್ಯಾಸಗಳಲ್ಲಿ ಹೇಳುತ್ತಿದ್ದ ಪ್ರಸಂಗವೊಂದು ಸೂಕ್ಷ್ಮವಾಗಿ ನೋಡತಕ್ಕದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಾಯಿತು. 38 ವರ್ಷ ದಾಟಿದವರು ಬಿಡುಗಡೆ ಕೋರಬಹುದು, ಆದರೆ ದಳದ ಅಧಿಕಾರಿಯ ಒಪ್ಪಿಗೆ ಬೇಕು ಎಂಬ ಆದೇಶ ಬಂದಾಗ ಅವರು ಅರ್ಜಿ ಹಾಕಿದರು. ಕರ್ನಲ್ ಅದನ್ನು ತಿರಸ್ಕರಿಸಿದರು. ಅಂದಿನಿಂದ ನೆವಿಲ್ ಬ್ಯಾರಕ್ಕಿನ ಮಂಚದ ಮೇಲೆ ಮಲಗಿಯೇ ತಾವು ನ್ಯೂಯಾರ್ಕಿನ ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ, ಹೆಂಡತಿ ಮತ್ತು ಮಗುವಿನ ಜೊತೆ ಇರುವುದಾಗಿ ಭಾವಿಸುತ್ತ ನಿದ್ದೆ ಹೋಗತೊಡಗಿದರು. ಕೆಲವೇ ದಿನಗಳಲ್ಲಿ ಅದೇ ಕರ್ನಲ್ ಕರೆಸಿ, ಬಿಡುಗಡೆಗೆ ಒಪ್ಪಿಗೆ ನೀಡಿದರು. ನೆವಿಲ್ ಪ್ರಕಾರ ಕಾರಣ ಕಲ್ಪನೆ, ಕಾರ್ಯ ಬಿಡುಗಡೆ. ಆದರೆ ಈ ಎರಡರ ನಡುವೆ ಅವರ ಕಥನದಲ್ಲೇ ಇರುವ ಸಂಗತಿಗಳೆಂದರೆ ವಯಸ್ಸಿನ ಬಗೆಗಿನ ಆದೇಶ, ಅದರ ಅನ್ವಯ ಸಲ್ಲಿಸಿದ ಅರ್ಜಿ, ಮನಸ್ಸು ಬದಲಿಸಬಲ್ಲ ಒಬ್ಬ ಅಧಿಕಾರಿ. ಆ ಆದೇಶವೇ ಇಲ್ಲದ, 20ರ ವಯಸ್ಸಿನ ಸಾವಿರಾರು ಸೈನಿಕರೂ ಪ್ರತಿ ರಾತ್ರಿ ಮನೆಯ ಹಾಸಿಗೆಯನ್ನೇ ನೆನೆಯುತ್ತ ಮಲಗಿರಬೇಕು. ಅವರಲ್ಲಿ ಮರಳದವರು ಉಪನ್ಯಾಸ ಕೊಡಲು ಉಳಿಯಲಿಲ್ಲ. ಗೆದ್ದವರ ಸಾಕ್ಷ್ಯವನ್ನಷ್ಟೇ ಸಂಗ್ರಹಿಸುವ ಈ ದೋಷ ಸಂಕಲ್ಪಸಿದ್ಧಿವಾದದ ಸಾಹಿತ್ಯದ ಉದ್ದಕ್ಕೂ ಕಾಣುತ್ತದೆ.

3. ಭಾರತೀಯ ದರ್ಶನಗಳಲ್ಲಿ ಸಂಕಲ್ಪದ ಸ್ಥಾನ

ನವಚಿಂತನೆಗೂ ಭಾರತಕ್ಕೂ ನಿಜವಾದ ಐತಿಹಾಸಿಕ ಸಂಬಂಧವಿದೆ. 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದ ಮರುವರ್ಷ ಸ್ವಾಮಿ ವಿವೇಕಾನಂದರು ಮೇನ್ ರಾಜ್ಯದ ಗ್ರೀನ್ ಏಕರ್ ಶಿಬಿರದಲ್ಲಿ ಪೈನ್ ಮರದ ಕೆಳಗೆ ಕುಳಿತು ವೇದಾಂತ ಬೋಧಿಸಿದಾಗ ಅಲ್ಲಿ ನೆರೆದವರಲ್ಲಿ ಮನಶ್ಚಿಕಿತ್ಸೆಯಲ್ಲಿ, ಅಂದರೆ ನಂಬಿಕೆಯನ್ನು ತಿದ್ದಿ ರೋಗ ವಾಸಿಮಾಡುವ ಕ್ವಿಂಬಿಯ ಬಗೆಯ ಚಿಕಿತ್ಸೆಯಲ್ಲಿ, ನಂಬಿಕೆಯಿದ್ದವರೂ ಇದ್ದರು. ಮೇಲೆ ಹೆಸರಿಸಿದ ಅಟ್ಕಿನ್ಸನ್ ಅವರೇ ‘ಯೋಗಿ ರಾಮಚರಕ’ ಎಂಬ ಹೆಸರಿನಲ್ಲಿ ಪ್ರಾಣಾಯಾಮ, ಯೋಗಗಳ ಬಗ್ಗೆ ಸರಣಿ ಪುಸ್ತಕಗಳನ್ನು ಬರೆದರು. ಆದ್ದರಿಂದ ಇಂದು ಪ್ರಾಚೀನ ಭಾರತದ ರಹಸ್ಯವೆಂಬ ಹೆಸರಿನಲ್ಲಿ ಮರಳಿ ಬರುವ ಸರಕಿನಲ್ಲಿ ಒಂದಷ್ಟು ಪಾಲು ಅಮೆರಿಕಕ್ಕೆ ಹೋಗಿ, ಅಲ್ಲಿಯ ಮಾರುಕಟ್ಟೆಗೆ ತಕ್ಕಂತೆ ರೂಪು ಬದಲಿಸಿಕೊಂಡು ಬಂದದ್ದು. ಮೂಲ ಗ್ರಂಥಗಳು ಏನು ಹೇಳುತ್ತವೆ ಎಂಬುದನ್ನು ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಮನುಷ್ಯನನ್ನು ಕಾಮಮಯನೆಂದು ಕರೆದು, ಕಾಮದಂತೆ ಕ್ರತು, ಕ್ರತುವಿನಂತೆ ಕರ್ಮ, ಕರ್ಮದಂತೆ ಫಲ ಎಂಬ ಸರಪಳಿಯನ್ನು ಮಂಡಿಸುತ್ತಾರೆ. ಕ್ರತುವೆಂದರೆ ಇಲ್ಲಿ ದೃಢವಾದ ನಿಶ್ಚಯ. ಬಯಕೆಯಿಂದ ಫಲದವರೆಗಿನ ದಾರಿಯಲ್ಲಿ ಉಪನಿಷತ್ತು ಎರಡು ಮೆಟ್ಟಿಲುಗಳನ್ನು ಇರಿಸಿದ್ದು, ಫಲಕ್ಕೆ ತೀರ ಹತ್ತಿರದ ಮೆಟ್ಟಿಲು ಕರ್ಮ. ಸಂಕಲ್ಪಮಾತ್ರದಿಂದಲೇ ಬಯಸಿದ್ದು ಎದ್ದುಬರುತ್ತದೆ ಎಂಬ ವರ್ಣನೆ ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿ ಇರುವುದು ನಿಜ. ಆದರೆ ಅದು ಆತ್ಮವನ್ನು ಅರಿತವನ ಸ್ಥಿತಿಯ ವರ್ಣನೆಯೇ ಹೊರತು, ಮನೆ, ಕಾರು, ಕೆಲಸದ ಬಡ್ತಿಯನ್ನು ಬಯಸುವವನ ಸ್ಥಿತಿಯದಲ್ಲ. ಬ್ರಹ್ಮಸೂತ್ರಗಳ ಕೊನೆಯ ಪಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಕ್ತನ ಸಂಕಲ್ಪ ಫಲಿಸುತ್ತದೆ ಎಂದು ಒಪ್ಪಿದರೂ ಜಗತ್ತಿನ ಸೃಷ್ಟಿ, ನಿರ್ವಹಣೆಗಳ ಅಧಿಕಾರ ಅವನಿಗಿಲ್ಲ ಎಂದು ಸ್ಪಷ್ಟವಾಗಿ ಹೊರಗಿಡುತ್ತದೆ. ಮುಕ್ತನಿಗೂ ಇಲ್ಲದ ಅಧಿಕಾರವನ್ನು ಸಂಕಲ್ಪಸಿದ್ಧಿವಾದ ಪ್ರತಿಯೊಬ್ಬ ಗ್ರಾಹಕನಿಗೂ ಹಂಚುತ್ತದೆ.

ಹೊರಗಿನ ಲೋಕ ಮನಸ್ಸಿನ ಆಟವೆಂದು ಬಲವಾಗಿ ಹೇಳುವ ಗ್ರಂಥ ಯೋಗವಾಸಿಷ್ಠ. ಐಂದ್ರಜಾಲಿಕನ ಪ್ರಭಾವಕ್ಕೆ ಒಳಗಾದ ಲವಣ ಮಹಾರಾಜ ಸಿಂಹಾಸನದ ಮೇಲೆ ಕುಳಿತಲ್ಲೇ ಇನ್ನೊಂದು ದೀರ್ಘ ಬದುಕನ್ನು, ಅದರ ಮದುವೆ, ಮಕ್ಕಳು, ಬರಗಾಲಗಳ ಸಮೇತ, ಬಾಳಿ ಎಚ್ಚರಗೊಳ್ಳುವ ಕತೆ ಅದರಲ್ಲಿದೆ. ಅಂಥ ಗ್ರಂಥವೂ ತನ್ನ ಎರಡನೆಯ ಪ್ರಕರಣದಲ್ಲಿ ಪೌರುಷವನ್ನು, ಅಂದರೆ ಮನುಷ್ಯಪ್ರಯತ್ನವನ್ನು, ಎತ್ತಿಹಿಡಿದು, ದೈವವೆಂದು ಜನ ಕರೆಯುವುದು ಹಿಂದಿನ ಪ್ರಯತ್ನದ ಫಲವೇ ಎಂದು ವಾದಿಸುತ್ತದೆ. ಲೋಕ ಮನೋಮಯವೆಂದು ಸಾರುವ ಗ್ರಂಥವೇ ಪ್ರಯತ್ನವನ್ನು ಕೈಬಿಡದಿರುವುದು ಗಮನಾರ್ಹ. ಅಲ್ಲಿ ಮನಸ್ಸಿನ ಮಹಿಮೆಯ ವರ್ಣನೆ ಇರುವುದು ಮನಸ್ಸಿನ ಹಿಡಿತದಿಂದ ಬಿಡಿಸಿಕೊಳ್ಳುವುದಕ್ಕಾಗಿ, ಅದರ ಬಯಕೆಗಳನ್ನು ಈಡೇರಿಸುವುದಕ್ಕಾಗಿ ಅಲ್ಲ.

ಈ ಚರ್ಚೆಗೆ ಅತ್ಯಂತ ಉಪಯುಕ್ತವಾದ ಉಪಕರಣವನ್ನು ಒದಗಿಸಿದವರು ಶಂಕರಾಚಾರ್ಯರು. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಅವರು ವಸ್ತುತಂತ್ರ ಮತ್ತು ಪುರುಷತಂತ್ರ ಎಂಬ ಭೇದವನ್ನು ಮಾಡುತ್ತಾರೆ. ವಸ್ತು ಹೇಗಿದೆಯೋ ಅದನ್ನು ಅನುಸರಿಸಿರುವುದು ವಸ್ತುತಂತ್ರ. ಮನುಷ್ಯನ ಇಚ್ಛೆಯನ್ನು ಅನುಸರಿಸಿರುವುದು ಪುರುಷತಂತ್ರ. ಒಂದೂರಿಗೆ ಕುದುರೆಯ ಮೇಲೆ ಹೋಗಬಹುದು, ನಡೆದು ಹೋಗಬಹುದು, ಹೋಗದೆಯೂ ಇರಬಹುದು, ಕ್ರಿಯೆ ಪುರುಷತಂತ್ರ. ಎದುರಿಗಿರುವ ಮೋಟುಮರವನ್ನು ಮರವೆಂದೋ ಮನುಷ್ಯನೆಂದೋ ಇಚ್ಛೆಗೆ ತಕ್ಕಂತೆ ತಿಳಿಯುವುದು ಸಾಧ್ಯವಿಲ್ಲ, ಜ್ಞಾನ ವಸ್ತುತಂತ್ರ. ಪಂಚಾಗ್ನಿವಿದ್ಯೆಯಲ್ಲಿ ಪುರುಷನನ್ನು ಅಗ್ನಿಯೆಂದು ಭಾವಿಸಿ ಉಪಾಸನೆ ಮಾಡುವುದು ಶಾಸ್ತ್ರಸಮ್ಮತವಾದ ಮಾನಸಿಕ ಕ್ರಿಯೆಯಾದರೂ, ಒಲೆಯ ಅಗ್ನಿಯನ್ನು ಅಗ್ನಿಯೆಂದು ತಿಳಿಯುವುದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಭಾವನೆಗೆ ತನ್ನದೇ ಆದ ಫಲವಿದೆ, ಆದರೆ ಭಾವಿಸಿದ ಮಾತ್ರಕ್ಕೆ ವಸ್ತು ಬದಲಾಗದು ಎಂಬುದು ಇದರಿಂದ ಹೊರಡುವ ತೀರ್ಮಾನ.

ಹೊರಗೆ ಪದಾರ್ಥವೇ ಇಲ್ಲ, ಇರುವುದು ವಿಜ್ಞಾನದ, ಅಂದರೆ ಚಿತ್ತವೃತ್ತಿಯ, ಪ್ರವಾಹ ಮಾತ್ರ ಎಂದ ಬೌದ್ಧ ವಿಜ್ಞಾನವಾದವನ್ನು ಅದೇ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಖಂಡಿಸುವಾಗ ಶಂಕರರು, ಉಣ್ಣುತ್ತ, ತೃಪ್ತಿಪಡುತ್ತ ಇರುವವನೇ ತಾನು ಉಣ್ಣುತ್ತಿಲ್ಲ, ತನಗೆ ತೃಪ್ತಿಯಾಗಿಲ್ಲ ಎಂದು ಹೇಳಿದರೆ ಅವನ ಮಾತನ್ನು ಯಾರು ನಂಬುತ್ತಾರೆ ಎಂದು ಕೇಳುತ್ತಾರೆ. ಮುಂದಿನ ಅದ್ವೈತದಲ್ಲಿ ಪ್ರಕಾಶಾನಂದರಂಥವರು ಪ್ರತಿಪಾದಿಸಿದ ದೃಷ್ಟಿಸೃಷ್ಟಿವಾದ, ಅಂದರೆ ಕಾಣುವುದೇ ಸೃಷ್ಟಿಯೆಂಬ ನಿಲುವು, ವಿಜ್ಞಾನವಾದಕ್ಕೆ ಹತ್ತಿರ ಬರುತ್ತದಾದರೂ ಅಲ್ಲಿಯೂ ವ್ಯಕ್ತಿ ಬಯಸಿದಂತೆ ಲೋಕ ಬದಲಾಗುತ್ತದೆ ಎಂಬ ಮಾತಿಲ್ಲ. ಜಗತ್ತು ಸತ್ಯ, ಭೇದ ಸತ್ಯ ಎಂದು ಉಡುಪಿಯಿಂದ ಸಾರಿದ ಮಧ್ವಾಚಾರ್ಯರಿಗಂತೂ ವಿಜ್ಞಾನವಾದ ಸರ್ವಥಾ ಸಲ್ಲದು. ಜಗತ್ತಿನ ಸತ್ಯತೆಯ ವಿಷಯದಲ್ಲಿ ಶತಮಾನಗಳ ಕಾಲ ವಾದ ನಡೆಸಿದ ಶೃಂಗೇರಿ ಮತ್ತು ಉಡುಪಿಯ ಪರಂಪರೆಗಳು, ಜೀವನೊಬ್ಬನ ಬಯಕೆ ವಸ್ತುವಿನ ಸ್ವರೂಪವನ್ನು ತಿದ್ದಲಾರದು ಎಂಬುದರಲ್ಲಿ ಒಮ್ಮತದಿಂದಿವೆ.

4. ನಂಬಿಕೆ ಕೆಲಸ ಮಾಡುವ ಮೂರು ಮಾಧ್ಯಮಗಳು

ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಎಡಿನ್‌ಬರೋದಲ್ಲಿ ನೀಡಿದ, 1902ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದ ಗಿಫರ್ಡ್ ದತ್ತಿ ಉಪನ್ಯಾಸಗಳಲ್ಲಿ ಮನಶ್ಚಿಕಿತ್ಸಾ ಪಂಥವನ್ನು ಗೌರವದಿಂದಲೇ ಪರಿಶೀಲಿಸಿದರು. ಅದಕ್ಕೂ ಮೊದಲೇ ಅವರು ಕೊಟ್ಟಿದ್ದ ಪರ್ವತಾರೋಹಿಯ ಉದಾಹರಣೆ ಪ್ರಸಿದ್ಧವಾಗಿದೆ: ಕಂದರವೊಂದನ್ನು ಹಾರಿ ದಾಟಲೇಬೇಕಾದವನಿಗೆ ದಾಟಬಲ್ಲೆನೆಂಬ ನಂಬಿಕೆಯಿದ್ದರೆ ಕಾಲಿಗೆ ಬಲ ಬರುತ್ತದೆ, ಸಂಶಯವಿದ್ದರೆ ನಡುಕ ಬಂದು ಬೀಳುತ್ತಾನೆ; ಇಲ್ಲಿ ನಂಬಿಕೆಯೇ ತನ್ನ ಸತ್ಯವನ್ನು ಸಾಧಿಸಿಕೊಳ್ಳುತ್ತದೆ. ಶಂಕರರ ಪರಿಭಾಷೆಯಲ್ಲಿ ಹೇಳುವುದಾದರೆ ಹಾರುವುದು ಪುರುಷತಂತ್ರ, ಕಂದರದ ಅಗಲ ವಸ್ತುತಂತ್ರ. ನಂಬಿಕೆ ಮೊದಲನೆಯದನ್ನು ಬದಲಿಸುತ್ತದೆ, ಎರಡನೆಯದರ ಒಂದು ಅಂಗುಲವನ್ನೂ ಕುಗ್ಗಿಸುವುದಿಲ್ಲ. ಇಪ್ಪತ್ತನೆಯ ಶತಮಾನದ ಪ್ರಯೋಗಗಳು ಈ ಗೆರೆಯನ್ನು ಇನ್ನಷ್ಟು ಖಚಿತವಾಗಿ ಎಳೆದು ತೋರಿಸಿವೆ.

ಮೊದಲ ಮಾಧ್ಯಮ ದೇಹ. ಔಷಧದ ಅಂಶವಿಲ್ಲದ ಗುಳಿಗೆಯನ್ನು ಔಷಧವೆಂದು ನಂಬಿ ತೆಗೆದುಕೊಂಡವರಲ್ಲಿ ಕಾಣುವ ಸುಧಾರಣೆಯನ್ನು ಪ್ಲಾಸಿಬೊ ಪರಿಣಾಮ ಎನ್ನುತ್ತಾರೆ. ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ನಡೆದು 1978ರಲ್ಲಿ ಪ್ರಕಟವಾದ ಪ್ರಯೋಗವೊಂದು, ಇಂಥ ಹುಸಿಮದ್ದಿನಿಂದ ನೋವು ಕಡಿಮೆಯಾದವರಿಗೆ ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಹೆಚ್ಚಿದ್ದನ್ನು ತೋರಿಸಿತು. ಅಂದರೆ ನಂಬಿಕೆ ದೇಹದೊಳಗಿನ ನೋವುನಿವಾರಕ ದ್ರವ್ಯಗಳನ್ನೇ ಹೊರಡಿಸಿತ್ತು. ಕ್ವಿಂಬಿ ಕಂಡದ್ದು ಭ್ರಮೆಯಲ್ಲ. ಆದರೆ ಅದರ ಮಿತಿ ಎಲ್ಲಿದೆ ಎಂಬುದನ್ನು ಅಸ್ತಮಾ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸುತ್ತದೆ. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಭೇಟಿಗಳಲ್ಲಿ ನಿಜವಾದ ಸಾಲ್ಬುಟಮಾಲ್ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್ ಕೊಟ್ಟು, ಕೆಲವು ಭೇಟಿಗಳಲ್ಲಿ ಏನನ್ನೂ ಕೊಡದೆ ಪರೀಕ್ಷಿಸಲಾಯಿತು. ಉಸಿರಾಟ ಎಷ್ಟು ಸುಧಾರಿಸಿದೆ ಎಂದು ಕೇಳಿದಾಗ ರೋಗಿಗಳು ನಿಜವಾದ ಮದ್ದಿಗೆ ಶೇ. 50, ಹುಸಿ ಇನ್‌ಹೇಲರಿಗೆ ಶೇ. 45, ಹುಸಿ ಅಕ್ಯುಪಂಕ್ಚರಿಗೆ ಶೇ. 46, ಏನೂ ಕೊಡದ ಭೇಟಿಗೆ ಶೇ. 21 ಎಂದರು. ಒಂದು ಸೆಕೆಂಡಿನಲ್ಲಿ ಶ್ವಾಸಕೋಶ ಹೊರದೂಡುವ ಗಾಳಿಯ ಪ್ರಮಾಣವನ್ನು ಯಂತ್ರದಿಂದ ಅಳೆದಾಗಲಾದರೋ ನಿಜವಾದ ಮದ್ದಿನಲ್ಲಿ ಅದು ಶೇ. 20ರಷ್ಟು ಏರಿತ್ತು, ಉಳಿದ ಮೂರರಲ್ಲೂ ಏರಿಕೆ ಸುಮಾರು ಶೇ. 7 ಮಾತ್ರ. ರೋಗಿಯ ಅನುಭವದಲ್ಲಿ ನಂಬಿಕೆ ಮದ್ದಿಗೆ ಸರಿಸಮನಾಗಿ ನಿಂತಿತು. ಶ್ವಾಸನಾಳದ ಮಟ್ಟಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ಹಾಯೆನಿಸಿದೆ ಎಂಬ ಭರವಸೆಯಲ್ಲಿ ನಿಜವಾದ ಇನ್‌ಹೇಲರನ್ನು ಪಕ್ಕಕ್ಕಿಡುವ ರೋಗಿಗೆ ಈ ಅಂತರ ಪ್ರಾಣಾಂತಿಕವಾಗಬಹುದು.

ಎರಡನೆಯ ಮಾಧ್ಯಮ ಕ್ರಿಯೆ. ಈಡೇರಿದ ಬಯಕೆಯ ದೃಶ್ಯದಲ್ಲಿ ನೆಲೆಸಬೇಕೆಂಬ ನೆವಿಲ್ ಅವರ ವಿಧಾನಕ್ಕೆ ಅತ್ಯಂತ ನೇರವಾದ ಪರೀಕ್ಷೆಯನ್ನು ಒಡ್ಡಿದವರು ಜರ್ಮನ್ ಮೂಲದ ಮನೋವಿಜ್ಞಾನಿ ಗೇಬ್ರಿಯಲ್ ಓಟಿಂಗನ್. ಅವರು ನಿರೀಕ್ಷೆ ಮತ್ತು ಮನೋರಾಜ್ಯ ಎಂಬ ಎರಡನ್ನು ಬೇರ್ಪಡಿಸಿದರು. ಹಿಂದಿನ ಅನುಭವದ ಆಧಾರದ ಮೇಲೆ ಇದು ತನ್ನಿಂದ ಸಾಧ್ಯವೆಂದು ಎಣಿಸುವುದು ನಿರೀಕ್ಷೆ. ಸಾಧಿಸಿಯಾಗಿದೆ ಎಂಬಂತೆ ಸುಖದ ಚಿತ್ರಗಳನ್ನು ಕಟ್ಟಿಕೊಂಡು ಅದರಲ್ಲಿ ಮೈಮರೆಯುವುದು ಮನೋರಾಜ್ಯ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಮಹಿಳೆಯರ ಕುರಿತ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಯುವುದೆಂಬ ನಿರೀಕ್ಷೆಯಿದ್ದವರು ಹೆಚ್ಚು ಇಳಿಸಿಕೊಂಡರು. ತೆಳ್ಳಗಾದ ತಮ್ಮ ರೂಪದ ಸಿಹಿಯಾದ ಚಿತ್ರಗಳಲ್ಲಿ ತೇಲಿದವರು ಕಡಿಮೆ ಇಳಿಸಿಕೊಂಡರು. ಕೆಲಸ ಹುಡುಕುತ್ತಿದ್ದ ಜರ್ಮನ್ ಪದವೀಧರರಲ್ಲಿಯೂ ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಕನಸು ಕಂಡವರು ಎರಡು ವರ್ಷಗಳ ಬಳಿಕ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳ ಪಡೆಯುತ್ತಿದ್ದರು. ಸಿಕ್ಕೇಬಿಟ್ಟಿದೆ ಎಂದು ಮನಸ್ಸು ನಂಬಿದಾಗ ದೇಹ ಗುರಿ ಮುಟ್ಟಿದವರಂತೆ ಸಡಿಲಗೊಳ್ಳುತ್ತದೆ, ರಕ್ತದೊತ್ತಡದ ಮೇಲಿನ ಅಂಕಿಯೂ ಇಳಿಯುತ್ತದೆ ಎಂದು ಅವರ ಮುಂದಿನ ಪ್ರಯೋಗಗಳು ಸೂಚಿಸಿದವು. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಕುರಿತ, 1999ರ ಇನ್ನೊಂದು ಅಧ್ಯಯನದಲ್ಲಿ ಹೆಚ್ಚು ಅಂಕ ಬಂದ ಕ್ಷಣವನ್ನು ಕಲ್ಪಿಸಿಕೊಂಡವರಿಗಿಂತ, ಮೇಜಿನ ಮುಂದೆ ಕುಳಿತು ಟಿವಿ ಆರಿಸಿ ಪುಟ ತಿರುವುತ್ತಿರುವ ತಮ್ಮನ್ನೇ ಕಲ್ಪಿಸಿಕೊಂಡವರು ಹೆಚ್ಚು ಹೊತ್ತು ಓದಿ, ಹೆಚ್ಚು ಅಂಕ ಗಳಿಸಿದರು. ಕಲ್ಪನೆ ಉಪಯುಕ್ತ, ಆದರೆ ಅದು ಕರ್ಮದ ಕಲ್ಪನೆಯಾದಾಗ. ಫಲದ ಕಲ್ಪನೆ ಮಾತ್ರವೇ ಆದಾಗ ಅದು ಕರ್ಮದ ಕಸುವನ್ನು ತಿನ್ನುತ್ತದೆ. ಮನಸ್ಸಿದ್ದರೆ ಮಾರ್ಗ ಎಂಬ ಗಾದೆಯೂ ಮಾರ್ಗದ ಭರವಸೆ ಕೊಡುತ್ತದೆಯೇ ಹೊರತು ನಡೆಯುವ ಶ್ರಮದಿಂದ ವಿನಾಯಿತಿ ಕೊಡುವುದಿಲ್ಲ.

ಮೂರನೆಯ ಮಾಧ್ಯಮ ಇತರ ಮನುಷ್ಯರು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರ ಪ್ರಬಂಧವೊಂದರಲ್ಲಿ ‘ತಾನೇ ನಿಜವಾಗುವ ಭವಿಷ್ಯವಾಣಿ’ ಎಂಬ ಪರಿಕಲ್ಪನೆಯನ್ನು ವಿವರಿಸಲು ಒಂದು ಬ್ಯಾಂಕಿನ ದೃಷ್ಟಾಂತ ಕೊಟ್ಟರು. ಬ್ಯಾಂಕು ಗಟ್ಟಿಯಾಗಿದೆ, ಆದರೆ ಅದು ಮುಳುಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿದರೆ ಠೇವಣಿದಾರರೆಲ್ಲ ಒಟ್ಟಿಗೆ ಹಣ ಹಿಂಪಡೆಯಲು ಬಂದು ನಿಂತು, ಸುಳ್ಳಾಗಿದ್ದ ಸುದ್ದಿಯೇ ಸಂಜೆಯೊಳಗೆ ನಿಜವಾಗುತ್ತದೆ. ಒಳಗಿನ ನಂಬಿಕೆ ಹೊರಗಿನ ವಾಸ್ತವವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಆದರೆ ಇಲ್ಲಿ ಕೆಲಸ ಮಾಡಿದ್ದು ಆಲೋಚನೆಯ ತರಂಗವಲ್ಲ, ಸರದಿಯಲ್ಲಿ ನಿಂತ ಜನ ಮತ್ತು ಖಾಲಿಯಾದ ತಿಜೋರಿ. ಪರಿಹಾರವೂ ಒಳ್ಳೆಯದನ್ನೇ ಯೋಚಿಸಿರಿ ಎಂಬ ಬುದ್ಧಿವಾದದಿಂದ ಬರಲಿಲ್ಲ. ಅಮೆರಿಕದಲ್ಲಿ 1933ರ ಕಾಯಿದೆಯಿಂದ ಠೇವಣಿಗಳಿಗೆ ವಿಮೆ ಒದಗಿದಾಗ ಭಯಕ್ಕೆ ಆಧಾರವೇ ಇಲ್ಲವಾಯಿತು. ಭಾರತದಲ್ಲಿಯೂ 1960ರಲ್ಲಿ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಳುಗಿದ ಬಳಿಕ 1962ರಲ್ಲಿ ಠೇವಣಿ ವಿಮೆ ಜಾರಿಗೆ ಬಂದು, 2020ರಲ್ಲಿ ಅದರ ಮಿತಿ 5 ಲಕ್ಷ ರೂಪಾಯಿಗೆ ಏರಿತು. ಸಮಾಜದ ತಪ್ಪು ನಂಬಿಕೆಯನ್ನು ಮುರಿಯುವುದು ಬಹುತೇಕ ಸಂಸ್ಥೆ, ಕಾಯಿದೆಗಳ ಕೆಲಸವೆಂಬುದು ಮರ್ಟನ್ ಅವರ ಮುಖ್ಯ ಮಾತು.

5. ಹೊರಗಿನಿಂದ ಒಳಕ್ಕೆ

ಸಂಕಲ್ಪಸಿದ್ಧಿವಾದ ಕೇಳದೆ ಬಿಡುವ ಪ್ರಶ್ನೆ, ಒಳಗಿನ ನಂಬಿಕೆ ಒಳಗೆ ಬಂದದ್ದು ಎಲ್ಲಿಂದ ಎಂಬುದು. ರಾಬರ್ಟ್ ರೋಸೆಂತಾಲ್ ಮತ್ತು ಲೆನೊರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರ ಶಿಕ್ಷಕರಿಗೆ ಕೆಲವು ಮಕ್ಕಳು ಈ ವರ್ಷ ಬುದ್ಧಿಯಲ್ಲಿ ಬೇಗ ಅರಳಲಿದ್ದಾರೆ ಎಂದು ತಿಳಿಸಲಾಗಿತ್ತು. ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಗಿತ್ತು. ವರ್ಷದ ಕೊನೆಯಲ್ಲಿ ಕೆಳಗಿನ ತರಗತಿಗಳ ಅಂಥ ಮಕ್ಕಳ ಬುದ್ಧಿಮಾಪನದ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದ್ದವು. ಆ ಅಧ್ಯಯನದ ಅಳತೆಗಳ ಬಗ್ಗೆ ತೀವ್ರವಾದ ಟೀಕೆಗಳು ಬಂದಿವೆ, ಪರಿಣಾಮ ಮೊದಲು ಎಣಿಸಿದಷ್ಟು ದೊಡ್ಡದಲ್ಲವೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಆದರೂ ಇಲ್ಲಿ ಕೆಲಸ ಮಾಡಿದ ನಂಬಿಕೆ ಮಗುವಿನದಲ್ಲ, ಶಿಕ್ಷಕರದು ಎಂಬುದು ಗಮನಿಸಬೇಕಾದ ಅಂಶ.

ಭಾರತದ ಉದಾಹರಣೆ ಇನ್ನೂ ಕಠೋರವಾದದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳ ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ದಾರಿಹುಡುಕುವ ಒಗಟುಗಳನ್ನು ಕೊಟ್ಟು, ಬಿಡಿಸಿದ ಪ್ರತಿ ಒಗಟಿಗೆ ಹಣ ಕೊಟ್ಟರು. ಜಾತಿಯ ಪ್ರಸ್ತಾಪವೇ ಇಲ್ಲದಾಗ ಮೇಲು ಜಾತಿಯ ಮತ್ತು ಕೆಳಗಿನದೆಂದು ಎಣಿಸಲಾದ ಜಾತಿಯ ಬಾಲಕರ ಸಾಧನೆಯಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಆಟ ಶುರುವಾಗುವ ಮುನ್ನ ಪ್ರತಿಯೊಬ್ಬನ ಹೆಸರು, ಊರು, ತಂದೆ ಹಾಗೂ ಅಜ್ಜನ ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ಎರಡನೆಯ ಗುಂಪಿನ ಬಾಲಕರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದುಕಾಣುವಷ್ಟು ಕುಸಿಯಿತು. ಬುದ್ಧಿ ಅದೇ, ಒಗಟು ಅದೇ, ಬಹುಮಾನವೂ ಅದೇ. ನಡುವೆ ಬಂದದ್ದು ಗಟ್ಟಿಯಾಗಿ ಓದಿದ ಒಂದು ಪದ. ಶತಮಾನಗಳ ಹೊರಗಿನ ವಾಸ್ತವವೇ ಆ ಬಾಲಕರ ಒಳಗೆ ನಂಬಿಕೆಯಾಗಿ ಕುಳಿತಿತ್ತು. ಅಂಥ ಬಾಲಕನಿಗೆ ನಿನ್ನ ನಂಬಿಕೆಯನ್ನು ಬದಲಿಸಿಕೋ, ಲೋಕ ಬದಲಾಗುತ್ತದೆ ಎಂದು ಬೋಧಿಸುವುದು ಕಾರ್ಯವನ್ನು ಕಾರಣವೆಂದು ತಪ್ಪು ತಿಳಿದಂತೆ.

ಆರಂಭದಲ್ಲಿ ಹೇಳಿದ ಮೂರನೆಯ ಹೇಳಿಕೆಯ ನೈತಿಕ ದೋಷ ಇಲ್ಲಿ ಸ್ಪಷ್ಟವಾಗುತ್ತದೆ. ಸಿರಿಗೆ ಸಿರಿವಂತನ ಸದ್ಭಾವನೆಯೇ ಕಾರಣವಾದರೆ ಬಡತನಕ್ಕೆ ಬಡವನ ದುರ್ಭಾವನೆಯೇ ಕಾರಣವಾಗಬೇಕು, ಕ್ಯಾನ್ಸರಿಗೆ ರೋಗಿಯ ಮನಸ್ಸೇ ಹೊಣೆಯಾಗಬೇಕು. ಸ್ವತಃ ಸ್ತನ ಕ್ಯಾನ್ಸರಿಗೆ ಒಳಗಾಗಿದ್ದ ಅಮೆರಿಕನ್ ಲೇಖಕಿ ಬಾರ್ಬರಾ ಎರೆನ್‌ರೈಕ್, ರೋಗದ ನೋವಿನ ಮೇಲೆ ಸದಾ ಹಸನ್ಮುಖಿಯಾಗಿರಬೇಕೆಂಬ ಒತ್ತಾಯವನ್ನೂ ಹೊರಿಸುವ ಈ ಸಂಸ್ಕೃತಿಯನ್ನು 2009ರ ತಮ್ಮ ಪುಸ್ತಕದಲ್ಲಿ ವಿಶ್ಲೇಷಿಸಿದ್ದಾರೆ. ಕರ್ಮಸಿದ್ಧಾಂತಕ್ಕೂ ಇಂಥದೇ ಆಕ್ಷೇಪ ಬಂದಿದೆ, ಅದಕ್ಕೆ ಆಧಾರವೂ ಇದೆ. ಆದರೆ ಆ ಸಿದ್ಧಾಂತದಲ್ಲಿ ದಾನ, ದಯೆಗಳ ಕರ್ತವ್ಯವಾದರೂ ಉಳಿದಿತ್ತು. ದುಃಖಿತರ ಸಹವಾಸ ತಮ್ಮ ಭಾವವನ್ನು ಕೆಡಿಸುತ್ತದೆಂದು ದೂರವಿರಲು ಹೇಳುವ ಬೋಧನೆಯಲ್ಲಿ ಅದೂ ಉಳಿಯುವುದಿಲ್ಲ.

6. ಉಪಸಂಹಾರ

ಇಷ್ಟರಿಂದ ನಂಬಿಕೆಯ ಶಕ್ತಿಯನ್ನು ಅಲ್ಲಗಳೆದಂತಾಗುವುದಿಲ್ಲ. ನೋವನ್ನು ತಗ್ಗಿಸುವ, ಹೆಜ್ಜೆಗೆ ಬಲ ಕೊಡುವ, ಇತರರ ನಡವಳಿಕೆಯನ್ನು ತಿರುಗಿಸುವ ಸಾಮರ್ಥ್ಯ ಅದಕ್ಕಿದೆ ಎಂಬುದನ್ನು ಪ್ರಯೋಗಗಳೇ ಸಾಧಿಸಿವೆ. ಆ ಶಕ್ತಿ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿದುಕೊಳ್ಳುವುದು ಅದನ್ನು ಬಳಸುವ ಮೊದಲ ಷರತ್ತು. ಬೋಧಕರ, ಪುಸ್ತಕಗಳ, ಶಿಬಿರಗಳ ಮಾತನ್ನು ತೂಗಿ ನೋಡಬಯಸುವ ಓದುಗರಿಗೆ ಎರಡು ಪ್ರಶ್ನೆಗಳು ಸಾಕು: ಹೇಳುತ್ತಿರುವ ಫಲ ಪುರುಷತಂತ್ರವಾದದ್ದೇ, ವಸ್ತುತಂತ್ರವಾದದ್ದೇ, ಪುರುಷತಂತ್ರವಾದದ್ದಾದರೆ ನಂಬಿಕೆಗೂ ಫಲಕ್ಕೂ ನಡುವೆ ಯಾರು, ಯಾವ ಕೆಲಸವನ್ನು ಮಾಡಬೇಕು? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಬೋಧನೆ ಯಾವ ಹೆಸರಿನಲ್ಲಿ ಬಂದರೂ ಸ್ವೀಕಾರಾರ್ಹ. ಉತ್ತರ ಕೊಡದೆ, ಫಲ ಬಾರದಿದ್ದಾಗ ಕೇಳುಗನ ನಂಬಿಕೆಯನ್ನೇ ದೂರುವ ಬೋಧನೆ, ಉಪನಿಷತ್ತಿನ ಹೆಸರು ಹೇಳಿಕೊಂಡು ಬಂದರೂ ವಿಜ್ಞಾನದ ಹೆಸರು ಹೇಳಿಕೊಂಡು ಬಂದರೂ, ತಿರಸ್ಕಾರಕ್ಕೆ ಅರ್ಹವಾದದ್ದು.